ಯಾವ ಕೋರ್ಸಿಗೆ ಹಚ್ಚೂಣ್ರಿ ಸರ?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲಿನ ಹದಿನೈದು ದಿನ ನನ್ನಂಥ ವಿಜ್ಞಾನ ಶಿಕ್ಷಕರಿಗೆ ಬಿಡುವು ಇರುವುದಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಎಲ್ಲೇ ಇರಲಿ, ಬಸ್‌ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಪಾಲಕರು ಸಿಕ್ಕರೆ ಕೇಳುವ ಪ್ರಶ್ನೆ ಒಂದೇ: ‘ಹುಡುಗನ್ನ ಯಾವ ಕಂಪ್ಯೂಟರ್ ಕೋರ್ಸಿಗೆ ಹಚ್ಚೂಣ್ರಿ ಸರ?’ ಈಚಿನ ಎರಡು ಮೂರು ವರ್ಷಗಳಲ್ಲಿ ಈ ಪ್ರಶ್ನೆಗೆ ಒಂದು ಬಾಲವೂ ಬೆಳೆದಿದೆ: ‘ಎಲ್ಲಾ ಆ ಎಐನ ಮಾಡತೈತಂತಲ್ರಿ, ಇನ್ನ ಕಲತು ಏನರ ಉಪಯೋಗ ಐತೇನು?’

ಪ್ರಶ್ನೆ ಹಗುರವಾದದ್ದಲ್ಲ. ಅದರ ಹಿಂದೆ ಗೋವಿನಜೋಳ ಮಾರಿದ ದುಡ್ಡಿರುತ್ತದೆ. ಇಲ್ಲವೆ ಸೊಸೈಟಿಯ ಸಾಲ, ಇಲ್ಲವೆ ಹಟ್ಟಿಯಲ್ಲಿ ಕಟ್ಟಿದ ಎಮ್ಮೆ. ಹುಬ್ಬಳ್ಳಿ, ಬೆಂಗಳೂರಿನ ಬಣ್ಣದ ಕರಪತ್ರ ನೋಡಿ ಅಷ್ಟನ್ನೂ ಒಮ್ಮೆಲೇ ಸುರಿಯುವ ಮೊದಲು ತಂದೆಯೊಬ್ಬ ನಾಲ್ಕು ಜನರನ್ನು ಕೇಳುವುದು ಸಹಜವೇ.

ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಒಂದು ದಿನವೂ ದುಡಿದವನಲ್ಲ. ಬಿ.ಎಸ್ಸಿ. ಓದುವಾಗ ಕಪ್ಪು ತೆರೆಯ ಮೇಲೆ ಜಿ.ಡಬ್ಲ್ಯು. ಬೇಸಿಕ್ ಭಾಷೆಯ ಹತ್ತು ಸಾಲು ಬರೆದು, ಅದು ನನ್ನ ಹೇಳಿಕೆಯಂತೆ ಮಗ್ಗಿ ಒಪ್ಪಿಸಿದ್ದನ್ನು ಕಂಡು ಹತ್ತಿದ ಹುಚ್ಚು ಇನ್ನೂ ಬಿಟ್ಟಿಲ್ಲ, ಅಷ್ಟೆ. ಅಂಕಪಟ್ಟಿಯ ಲೆಕ್ಕ, ಹಾಜರಿಯ ಲೆಕ್ಕ, ಗ್ರಂಥಾಲಯದ ಪಟ್ಟಿ ಇಂಥವಕ್ಕೆ ಸಣ್ಣಪುಟ್ಟ ಪ್ರೋಗ್ರಾಂ ಬರೆಯುವುದು ನನ್ನ ಸಂಜೆಯ ಹವ್ಯಾಸ. ಆದ್ದರಿಂದ ಇಲ್ಲಿ ಹೇಳುವುದು ಒಬ್ಬ ಹವ್ಯಾಸಿಯ ಅಭಿಪ್ರಾಯ. ಒಪ್ಪಿಗೆಯಾದಷ್ಟನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡಿ.

ಮೊದಲ ಮಾತು ಕೀಲಿಮಣೆಯದು. ದೊಡ್ಡ ದೊಡ್ಡ ಕೋರ್ಸುಗಳ ಹೆಸರು ಹೇಳುವ ಹುಡುಗರಿಗೆ ಕನ್ನಡದಲ್ಲಿ ಒಂದು ಅರ್ಜಿ ಟೈಪು ಮಾಡಿಕೊಡು ಎಂದರೆ ಕೈ ನಿಂತುಬಿಡುತ್ತದೆ. ಇದು ಬರೀ ಗುಮಾಸ್ತರ ಕೆಲಸ ಎಂದು ಅವರ ಎಣಿಕೆ. ನನಗಾದರೋ ಇದೇ ಗಣಕ ವಿಜ್ಞಾನದ ಮೊದಲ ಪಾಠವಾಗಿ ಕಾಣುತ್ತದೆ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ನೋಡಿ. ಅಕ್ಷರದ ಆಕಾರವನ್ನು ತುಂಡು ತುಂಡಾಗಿ ಒತ್ತಬೇಡಿ, ಉಚ್ಚಾರದ ಕ್ರಮದಲ್ಲಿ ಒತ್ತಿ. ಆಕಾರ ಕೂಡಿಸುವುದು ಯಂತ್ರದ ಕೆಲಸ, ಇದು ಅದರ ತಿರುಳು. ಕೆ ಒತ್ತಿದರೆ ಕ, ಶಿಫ್ಟ್ ಸೇರಿಸಿದರೆ ಖ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿ ಸಾಕು. ನಡುವಿನ ಎಫ್ ಎಂಬುದು ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ. ಒಂದನೆಯ ಇಯತ್ತೆಯಲ್ಲಿ ಗುರುಗಳು ಕಲಿಸಿದ ಗುಣಿತಾಕ್ಷರ, ಒತ್ತಕ್ಷರದ ಶಾಸ್ತ್ರವೇ ಇಲ್ಲಿಯೂ ನಡೆಯುತ್ತದೆ.

ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶವೂ ಇದೇ ವಿನ್ಯಾಸವನ್ನು ಅನುಸರಿಸಿತು. ಅದಕ್ಕೂ ಮೊದಲು, 1998ರಲ್ಲಿ, ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತ್ತು. ಅದರಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜೋಡಣೆಯಿಂದ ಮೂಡಿಸಬಹುದು. ಎರಡೂ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದ ತಂತ್ರಾಂಶಗಳು. ಆದರೆ ಮಕ್ಕಳಿಗೆ ಯಾವುದು ಎಂದು ಕೇಳಿದರೆ ರಾಯರ ವಿನ್ಯಾಸಕ್ಕೇ ನನ್ನ ಮತ. ದಿನಕ್ಕೆ ಅರ್ಧ ತಾಸಿನಂತೆ ಎರಡು ವಾರ ಕೂತರೆ ಕೈಗೆ ಬರುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗಿನ ದಾರಿಯಾಗಿ ಕನ್ನಡಕ್ಕೆ ಬರುವ ಸುತ್ತು ತಪ್ಪುತ್ತದೆ.

ಎರಡನೆಯ ಮಾತು ಕಡತಗಳದು. ಶಾಲೆಯೊಂದರಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಮಕ್ಕಳ ಕತೆ, ಕವಿತೆಗಳನ್ನು ಟೈಪು ಮಾಡಿಸಿ ಸಿ.ಡಿ.ಯಲ್ಲಿ ಇಟ್ಟಿದ್ದರು. ಈಚೆಗೆ ಅದನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಅಕ್ಷರವೂ ಕನ್ನಡದ್ದಲ್ಲ. ‘ಕನ್ನಡ’ ಎಂದು ಇರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿದ್ದ ಎ, ಬ್ರಿಟಿಷರ ಪೌಂಡ್ ಚಿಹ್ನೆ! ‘ಹಾಳಾತ್ರಿ ಸರ, ವೈರಸ್ ಹೊಕ್ಕೈತಿ’ ಎಂದರು. ವೈರಸ್ಸೂ ಇಲ್ಲ, ಏನೂ ಇಲ್ಲ. ಆ ಕಾಲದ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಬಾಡಿಗೆಗೆ ಇರಿಸಿದ್ದರು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಮನೆಯ ಮೂಲ ಒಡೆಯರೇ ಹೊರಗೆ ಬರುತ್ತಾರೆ.

ಯೂನಿಕೋಡ್ ಈ ಬಾಡಿಗೆ ಬದುಕನ್ನು ಮುಗಿಸಿತು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ವಂತ ಮನೆಗಳಿವೆ. ಇಂಗ್ಲಿಷಿನ ಚಿಕ್ಕ ಎ ಅಕ್ಷರದ ಮನೆ ನಂಬರು 97. ನಮ್ಮ ‘ಕ’ದ್ದು 3221. ‘ಕನ್ನಡ’ ಎಂದರೆ ಯಂತ್ರಕ್ಕೆ 3221, 3240, 3277, 3240, 3233 ಎಂಬ ಐದು ಸಂಖ್ಯೆ. ರಾಯರ ಕೀಲಿಮಣೆಯ ಐದು ಕೀಲಿಗಳಿಗೂ ಇದಕ್ಕೂ ಇರುವ ಹೊಂದಾಣಿಕೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. 3277 ಎಂಬುದೇ ಆ ಕೊಂಡಿ. ಹಳೆಯ ಕಡತಗಳನ್ನು ಹೊಸ ಮನೆಗೆ ಸಾಗಿಸುವ ಪರಿವರ್ತಕ ತಂತ್ರಾಂಶಗಳನ್ನು ಕನ್ನಡದ ಯುವಕರು ಬರೆದು ಉಚಿತವಾಗಿ ಕೊಟ್ಟಿದ್ದಾರೆ. ಆ ಶಾಲೆಯ ಕತೆ, ಕವಿತೆಗಳೂ ಒಂದೇ ಸಂಜೆಯಲ್ಲಿ ಮರಳಿ ಕನ್ನಡವಾದವು. ಆದರೆ ಎಷ್ಟೋ ಕಚೇರಿಗಳ, ಮುದ್ರಣಾಲಯಗಳ ಕಡತಗಳು ಇಂದಿಗೂ ಬಾಡಿಗೆ ಮನೆಯಲ್ಲಿಯೇ ಇವೆ. ನಿಮ್ಮ ಶಾಲೆಯಲ್ಲಿ, ಮಠದಲ್ಲಿ, ಸಂಘದಲ್ಲಿ ಅಂಥವು ಇದ್ದರೆ ಸಾಗಿಸಿಬಿಡಿ. ಸಿ.ಡಿ. ಓದುವ ಯಂತ್ರಗಳೂ ಕಡಿಮೆಯಾಗುತ್ತಿವೆ.

ಸ್ವಂತ ಮನೆಗೂ ಒಂದು ಬೆಲೆ ಇದೆ. ಹೆಚ್ಚು ಬಳಕೆಯಲ್ಲಿರುವ ಯೂನಿಕೋಡ್ ಬರವಣಿಗೆಯ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸ್ಥಳ, ಕನ್ನಡದ ಒಂದು ಸಂಕೇತಕ್ಕೆ ಮೂರು. ‘ಕನ್ನಡ’ವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 7 ಬೈಟ್, ಕನ್ನಡದಲ್ಲಿ ಬರೆದರೆ 15. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ ಕನ್ನಡದ ಸಂಕೇತಗಳು 70 ಮಾತ್ರ. ಈಗಿನ ಎಐ ತಂತ್ರಾಂಶಗಳಲ್ಲೂ ಕನ್ನಡದ ವಾಕ್ಯ ಇಂಗ್ಲಿಷಿನದಕ್ಕಿಂತ ಸಾಮಾನ್ಯವಾಗಿ ಹೆಚ್ಚು ತುಂಡುಗಳಾಗಿ ಒಡೆಯುತ್ತದೆ. ತುಂಡು ಹೆಚ್ಚಾದಷ್ಟೂ ಖರ್ಚು ಹೆಚ್ಚು. ಗಣಿತದ ಹುಡುಗರಿಗೆ ಇಲ್ಲಿ ಜೀವಮಾನ ಪೂರ್ತಿ ಸಾಲುವಷ್ಟು ಕೆಲಸ ಕಾದಿದೆ.

ಮೂರನೆಯದು ಸ್ಪ್ರೆಡ್‌ಶೀಟ್, ಅಂದರೆ ಅಡ್ಡ ಉದ್ದ ಗೆರೆ ಎಳೆದ ಲೆಕ್ಕದ ಹಾಳೆ. ಯಾವ ಪ್ರೋಗ್ರಾಮಿಂಗ್ ಭಾಷೆಗೂ ಮೊದಲು ಇದನ್ನು ಚೆನ್ನಾಗಿ ಕಲಿಯಬೇಕು ಎಂಬುದು ನನ್ನ ಹಟ. ಹಣ ಕೊಟ್ಟ ತಂತ್ರಾಂಶವೇ ಬೇಕೆಂದಿಲ್ಲ, ಲಿಬ್ರೆ ಆಫೀಸ್ ಪುಕ್ಕಟೆ ಸಿಗುತ್ತದೆ. ತಂದೆಯ ಹೊಲದ ಬೀಜ, ಗೊಬ್ಬರ, ಆಳಿನ ಖರ್ಚನ್ನು ಒಂದು ಹಂಗಾಮು ಪೂರ್ತಿ ಅದರಲ್ಲಿ ಬರೆದು, ಚೀಲಕ್ಕೆ ಬಿದ್ದ ಖರ್ಚೆಷ್ಟು ಎಂದು ಮನೆಯಲ್ಲಿ ತೋರಿಸಿದ ಹುಡುಗ ಅರ್ಧ ಗಣಕ ವಿಜ್ಞಾನ ಕಲಿತಂತೆ.

ಇದೇ ಹಾಳೆಯಲ್ಲಿ ನಾನು ಮಕ್ಕಳಿಗೆ ಒಂದು ಮೋಜು ತೋರಿಸುವುದುಂಟು. ಶಾಲೆಯ ಹಳೆಯ ದಾಖಲಾತಿ ರಜಿಸ್ಟರಿನ ಜನ್ಮದಿನಾಂಕಗಳನ್ನು, ಹೆಸರು ಬಿಟ್ಟು, ತುಂಬಿ ತಿಂಗಳುವಾರು ಚಿತ್ರ ಬರೆಸುತ್ತೇನೆ. ಹನ್ನೊಂದು ಕಂಬ ಗಿಡ್ಡ. ಜೂನ್ ತಿಂಗಳದ್ದೊಂದೇ ಗೋಪುರ! ಅದರಲ್ಲೂ ಜೂನ್ ಒಂದನೆಯ ತಾರೀಖೇ ಹೆಚ್ಚು. ಯಂತ್ರವನ್ನು ನಂಬಿದರೆ ನಮ್ಮ ಸೀಮೆಯ ತಾಯಂದಿರು ಕಾರಹುಣ್ಣಿವೆಯ ಸುಮಾರಿಗೇ ಹೆರುತ್ತಿದ್ದರು ಎನ್ನಬೇಕು. ಕಾರಣ ಊರಿನ ಹಿರಿಯರಿಗೆ ಗೊತ್ತು. ಹುಟ್ಟಿದ ದಿನ ನೆನಪಿಲ್ಲದ ತಂದೆ ಮಗುವನ್ನು ಕರೆತಂದಾಗ, ಸಾಲಿ ಸುರುವಾಗುವ ದಿನಕ್ಕೆ ವಯಸ್ಸು ಸರಿಹೋಗಲೆಂದು ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ಯಂತ್ರ ಲೆಕ್ಕವನ್ನು ಸರಿಯಾಗಿಯೇ ಮಾಡಿತು. ಲೆಕ್ಕಕ್ಕೆ ಕೊಟ್ಟ ಅಂಕಿಯ ಹಿಂದಿನ ಕತೆ ಅದಕ್ಕೆ ತಿಳಿಯದು. ಎಐ ವಿಷಯದಲ್ಲಿ ನಾನು ಮಕ್ಕಳಿಗೆ ಹೇಳಬೇಕಾದ್ದೂ ಬಹುಪಾಲು ಇದೇ.

ಹಿರೇಕೆರೂರು ತಾಲೂಕಿನ ಹುಡುಗಿಯೊಬ್ಬಳ ಮಾತು ಇಲ್ಲಿ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವಳು, ಪಿಯುಸಿ ಮುಗಿಸಿದ್ದಳು. ತಂದೆ ಎಮ್ಮೆ ಮಾರಿ, ಮೇಲಷ್ಟು ಸಾಲ ಮಾಡಿ ಪಟ್ಟಣದ ಆರು ತಿಂಗಳ ‘ಎಐ ಕೋರ್ಸಿ’ಗೆ ಹಚ್ಚುವವರಿದ್ದರು. ಹುಡುಗಿಗೆ ಮನಸ್ಸಿನಲ್ಲಿ ಅಳುಕು. ‘ಇಂಗ್ಲಿಷ್ ಬರೂದಿಲ್ರಿ ಸರ, ಮ್ಯಾಲೆ ಕೋಡ್ ಅದ ಬರಿತೈತಂತ. ನಾ ಹೋಗಿ ಏನ್ ಮಾಡ್ಲಿ? ಅಪ್ಪಾರ ಎಮ್ಮಿ ಸುಮ್ನ ಹೊಕ್ಕೈತಿ’ ಎಂದಳು. ಉತ್ತರ ಹೇಳುವ ಬದಲು ನಾನು ಒಂದು ಕೆಲಸ ಕೊಟ್ಟೆ. ಶಾಲೆಯ ಗ್ರಂಥಾಲಯದ ಪುಸ್ತಕಗಳ ಹೆಸರನ್ನು ಯೂನಿಕೋಡಿನಲ್ಲಿ ಟೈಪು ಮಾಡಿ, ಪೈಥಾನ್ ಭಾಷೆಯ ನಾಲ್ಕೈದು ಸಾಲಿನಿಂದ ಅಕಾರಾದಿಯಾಗಿ ಜೋಡಿಸು ಎಂದೆ. ಪೈಥಾನ್ ಉಚಿತ, ಹಳೆಯ ಲ್ಯಾಪ್‌ಟಾಪೊಂದು ಶಾಲೆಯಲ್ಲಿತ್ತು.

ಐದಾರು ದಿನ ಬಿಟ್ಟು ಬಂದು, ‘ಸರ, ಇದು ತಪ್ಪ ಜೋಡಸತೈತಿ ನೋಡ್ರಿ’ ಎಂದಳು. ಅವಳು ತೋರಿಸಿದ್ದನ್ನು ಸರಳ ಪದಗಳಲ್ಲಿ ಹೇಳುತ್ತೇನೆ. ಮನೆ, ಮರ, ಮಸಿ, ಮಳೆ ಇದು ನಮ್ಮ ವರ್ಣಮಾಲೆಯ ಕ್ರಮ. ಯಂತ್ರ ಕೊಟ್ಟದ್ದು ಮನೆ, ಮರ, ಮಳೆ, ಮಸಿ. ನಮ್ಮಲ್ಲಿ ‘ಳ’ ಬರುವುದು ಹ ಆದ ಮೇಲೆ, ಕಟ್ಟಕಡೆಗೆ. ಯೂನಿಕೋಡಿನಲ್ಲಿ ಲ ಅಕ್ಷರದ ಬೆನ್ನಿಗೇ, ಅಂದರೆ ವ, ಶ, ಷ, ಸ, ಹ ಇವೆಲ್ಲಕ್ಕೂ ಮೊದಲು, 3251ನೆಯ ಮನೆಯಲ್ಲಿ ‘ಳ’ವನ್ನು ಕೂರಿಸಿದ್ದಾರೆ. ಭಾರತದ ಹಲವು ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಸಾಲಾಗಿ ಇರಿಸಿದ್ದರ ಫಲ ಇದು. ಮನೆ ನಂಬರನ್ನಷ್ಟೇ ನೋಡಿ ಜೋಡಿಸುವ ಪ್ರೋಗ್ರಾಂ ಹೀಗೆಯೇ ಮಾಡುತ್ತದೆ. ಅವಳು ಫೋನಿನಲ್ಲಿದ್ದ ಎಐ ತಂತ್ರಾಂಶವೊಂದಕ್ಕೆ ಆ ಪಟ್ಟಿ ತೋರಿಸಿ ಕೇಳಿದ್ದಳಂತೆ. ‘ಪಟ್ಟಿ ಸರಿಯಾದ ಕನ್ನಡ ಅಕಾರಾದಿಯಲ್ಲಿದೆ’ ಎಂದು ಬಹಳ ವಿನಯದಿಂದ ಉತ್ತರ ಬಂತಂತೆ. ‘ಮತ್ತ ನೀ ಏನ್ ಮಾಡಿದಿ?’ ಎಂದೆ. ‘ಒಂದನೇತ್ತೆ ಹುಡುಗರೂ ಹೇಳತಾರಲ್ರಿ, ಳ ಕಡೀಗೆ ಬರತೈತಂತ. ಅದಕ್ಕ ಅದರ ಮಾತ ಬಿಟ್ಟೆ’ ಎಂದಳು.

ಆ ಸಂಜೆ ಇಬ್ಬರೂ ಕೂತು ಯೂನಿಕೋಡ್ ಪಟ್ಟಿ ನೋಡಿದೆವು. ಹ ಇರುವುದು 3257ರಲ್ಲಿ. ಅದರ ಮುಂದಿನ 3258 ಖಾಲಿ ಮನೆ. ಜೋಡಿಸುವಾಗ ಮಾತ್ರ ‘ಳ’ವನ್ನು 3258 ಎಂದು ಎಣಿಸುವಂತೆ ಅವಳೇ ಒಂದು ಸಾಲು ಸೇರಿಸಿದಳು. ಪಟ್ಟಿ ಸರಿಹೋಯಿತು. ಬೇಕೆಂದರೆ ಈ ಸಾಲನ್ನೂ ಎಐ ಬರೆದುಕೊಡುತ್ತಿತ್ತು, ನಾನು ಇಲ್ಲವೆನ್ನುವುದಿಲ್ಲ. ಆದರೆ ಆ ಸಾಲು ಬೇಕು ಎಂಬುದನ್ನು ಕಂಡವಳು ಹುಡುಗಿ. ಇಂಗ್ಲಿಷ್ ಬಾರದು ಎಂದು ಅಳುಕುತ್ತಿದ್ದವಳಿಗೆ ಅವಳ ಕನ್ನಡವೇ ಅಲ್ಲಿ ಕೆಲಸಕ್ಕೆ ಬಂತು. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಸಿಗಬೇಕೆಂದು 1981ರಲ್ಲಿ ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಇದೇ ಸೀಮೆಯ ಸವಣೂರಿನಲ್ಲಿ ಎಂಬುದನ್ನು ಅವಳಿಗೆ ನೆನಪು ಮಾಡಿಕೊಟ್ಟೆ. ಇಂಗ್ಲಿಷ್ ಬೇಡವೆಂದಲ್ಲ, ಬೇಕೇ ಬೇಕು. ಅದನ್ನು ಕಲಿಯುತ್ತ ಹೋಗಬಹುದು. ಆದರೆ ಅದು ಬರುವವರೆಗೆ ತಲೆಗೆ ಬೀಗ ಹಾಕಿ ಕೂರಬೇಕಾಗಿಲ್ಲ. ಹುಡುಗಿ ಈಗ ಹತ್ತಿರದ ಸರಕಾರಿ ಕಾಲೇಜಿನಲ್ಲಿ ಬಿ.ಸಿ.ಎ. ಓದುತ್ತಿದ್ದಾಳೆ. ಎಮ್ಮೆ ಹಟ್ಟಿಯಲ್ಲೇ ಇದೆ.

ಇನ್ನು ತಂತ್ರಜ್ಞಾನದ ಸುದ್ದಿಗಳು. ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಬಂದ ಮೇಲೆ ‘ಇನ್ನು ಪ್ರೋಗ್ರಾಮರುಗಳ ಕಾಲ ಮುಗಿಯಿತು’ ಎಂಬ ಸುದ್ದಿಯನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕೆಲಸದ ಸ್ವರೂಪ ಬದಲಾಗುತ್ತಿರುವುದು ನಿಜ. ಬರೀ ನೋಡಿ ನಕಲು ಮಾಡುವ ಕೋಡಿಗೆ ಬೆಲೆ ಇಳಿಯುವುದೂ ನಿಜ. ಆದರೆ ಇಂಥ ಸುದ್ದಿ ಓದುವಾಗ ವಿಜ್ಞಾನದ ವಿದ್ಯಾರ್ಥಿ ಮೂರು ಪ್ರಶ್ನೆ ಕೇಳಬೇಕು. ಹೇಳಿದವರು ಯಾರು, ಅವರೇ ಅದನ್ನು ಮಾರುವವರೇ? ಅಳತೆ ಏನು? ಪರೀಕ್ಷೆ ಮಾಡಿದವರು ಬೇರೆ ಯಾರಾದರೂ ಇದ್ದಾರೆಯೇ?

ದೊಡ್ಡ ಶಬ್ದದ ಸುದ್ದಿಗಿಂತ ಸಣ್ಣ ಸುದ್ದಿಗಳಲ್ಲೇ ಪಾಠ ಹೆಚ್ಚು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ತಂತ್ರಾಂಶದ ಒಂದು ತಪ್ಪು ಪರಿಷ್ಕರಣೆಯಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತವು. ವಿಮಾನಗಳು ನಿಂತವು, ಆಸ್ಪತ್ರೆಗಳ ಕೆಲಸ ನಿಂತಿತು. ಶತ್ರುಗಳ ದಾಳಿಯಿಂದಲ್ಲ, ಕಾಯಲು ಇದ್ದ ತಂತ್ರಾಂಶದ ದೋಷದಿಂದ! ಬರೆದದ್ದನ್ನು ಪರೀಕ್ಷಿಸುವುದು ಬರೆಯುವಷ್ಟೇ ದೊಡ್ಡ ವಿದ್ಯೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ಸುದ್ದಿ ಮುಂದೆ ಬರುವಂಥದ್ದು. ಅನೇಕ ಗಣಕಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಹೆಚ್ಚು ಕಡಿಮೆ ನನ್ನ ವಯಸ್ಸೇ ಅವಕ್ಕೂ. ಹಳೆಯ ಕೆಲವು ಯಂತ್ರಗಳಲ್ಲಿ ಈ ಎಣಿಕೆಗೆ ಇರುವ ಪಾತ್ರೆಯಲ್ಲಿ 2147483647ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಅದು ತುಂಬುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಆಗ ಅಂಥ ಯಂತ್ರ ಹಿಂದಕ್ಕೆ ಹೊರಳಿ 1901ಕ್ಕೆ ಹೋಗಿಬಿಡಬಹುದು. ಹೊಸ ಯಂತ್ರಗಳಲ್ಲಿ ದೊಡ್ಡ ಪಾತ್ರೆ ಇಟ್ಟಾಗಿದೆ, ಹಳೆಯವನ್ನು ಹುಡುಕಿ ತಿದ್ದಬೇಕು. ಇಂದು ಒಂಬತ್ತನೆಯ ತರಗತಿಯಲ್ಲಿ ಇರುವವರು ಆಗ ನೌಕರಿಯಲ್ಲಿ ಇರುತ್ತಾರೆ. ಮೇಲಿನ ಸಂಖ್ಯೆಯನ್ನು ಒಂದು ದಿನದ 86400 ಸೆಕೆಂಡುಗಳಿಂದ ಭಾಗಿಸಿ, ವರ್ಷ ಸರಿಬರುತ್ತದೆಯೇ ನೋಡಿ.

ಮೂರನೆಯ ಸುದ್ದಿ ನಮ್ಮ ಶಾಲೆಗಳಿಗೇ ಸಂಬಂಧಿಸಿದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹೊಸ ವಿಂಡೋಸ್ ಹೊರಲಾರದ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿ ನೋಡಿ. ನೆರೆಯ ಕೇರಳದ ಸರಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಲಿನಕ್ಸನ್ನೇ ಬಳಸುತ್ತಿವೆ. ನಮ್ಮಲ್ಲೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು, ಜಿಯೋಜಿಬ್ರಾ ಕಲಿತ ಶಿಕ್ಷಕರು ಅನೇಕರಿದ್ದಾರೆ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೂ ಮೂರು ಕೋನಗಳ ಮೊತ್ತ 180 ಅಂಶವೇ ಉಳಿಯುವುದನ್ನು ಜಿಯೋಜಿಬ್ರಾದಲ್ಲಿ ಒಮ್ಮೆ ಕಂಡ ಮಗು ಪ್ರಮೇಯವನ್ನು ಬಾಯಿಪಾಠ ಮಾಡುವುದಿಲ್ಲ.

ಪಾಲಕರಿಗೆ ಕಡೆಯದಾಗಿ ನಾಲ್ಕು ಮಾತು. ಹಣ ಕಟ್ಟುವ ಮೊದಲು ಆ ಸಂಸ್ಥೆಗೆ ಸ್ವತಃ ಹೋಗಿ, ಹಿಂದಿನ ತಂಡದ ವಿದ್ಯಾರ್ಥಿಗಳು ಮಾಡಿದ ಕೆಲಸ ತೋರಿಸಿರಿ ಎನ್ನಿ. ಪ್ರಮಾಣಪತ್ರ ತೋರಿಸಿದರೆ ಸಾಲದು, ನಡೆಯುವ ಪ್ರೋಗ್ರಾಂ ತೋರಿಸಲಿ. ಪಾಠ ಹೇಳುವವರು ಯಾರೆಂದು ಕೇಳಿ. ನಡುವೆ ಬಿಟ್ಟರೆ ಎಷ್ಟು ಹಣ ಮರಳಿ ಕೊಡುತ್ತೀರಿ ಎಂಬುದನ್ನು ಬರೆಸಿಕೊಳ್ಳಿ. ‘ನೌಕರಿ ಗ್ಯಾರಂಟಿ’ ಎಂದವರ ಬಾಗಿಲಿನಿಂದ ಹಿಂದಿರುಗಿ ಬನ್ನಿ. ಇಷ್ಟಕ್ಕೂ ಮೊದಲು ಪುಕ್ಕಟೆ ಸಿಗುವುದನ್ನು ಮಗು ಎರಡು ತಿಂಗಳು ಕಲಿತು ನೋಡಲಿ. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಲ್ಲಿ ಹಲವು ಕನ್ನಡದಲ್ಲೇ ಇವೆ. ಎನ್‌ಪಿಟೆಲ್‌ನಲ್ಲಿ ಐಐಟಿ ಮತ್ತು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಪಾಠಗಳಿವೆ. ಎರಡು ತಿಂಗಳಾದ ಮೇಲೂ ಊಟದ ಕರೆ ಕೇಳಿಸದಷ್ಟು ಮಗು ಅದರಲ್ಲಿ ಮುಳುಗಿದ್ದರೆ ಆಗ ಹಣದ ಮಾತು ಆಡಬಹುದು. ಬೇಸರವಾಗಿ ಎದ್ದು ಬಂದರೆ ನಷ್ಟವೇನೂ ಆಗಲಿಲ್ಲ, ಬೇರೆ ವಿದ್ಯೆಗಳಿಗೇನು ಬರವೇ?

ವಿದ್ಯಾರ್ಥಿ ಮಿತ್ರರಿಗೆ ರಜೆಯ ಕೆಲಸವೊಂದಿದೆ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಅಷ್ಟನ್ನೂ ಯಾರೋ ಕೂತು ಒಂದೊಂದಾಗಿ ಕನ್ನಡದಲ್ಲೇ ತುಂಬಿದ್ದಾರೆ. ನಿಮ್ಮ ಹೊಲದ ಉತಾರವನ್ನು ತಂದೆಯ ಜೊತೆ ಕೂತು ಓದಿ. ಹೆಸರು, ಸರ್ವೆ ನಂಬರು, ಎಕರೆ, ಗುಂಟೆ, ಬೆಳೆ, ಸಾಲ ಯಾವ ಯಾವ ಕಾಲಮ್ಮಿನಲ್ಲಿವೆ ನೋಡಿ. ಅದನ್ನು ಒಂದು ಲೆಕ್ಕದ ಹಾಳೆಗೆ ಇಳಿಸಿ. ಬರೆದದ್ದಕ್ಕೂ ಹೊಲದಲ್ಲಿ ಇರುವುದಕ್ಕೂ ಎಲ್ಲೆಲ್ಲಿ ತಾಳೆಯಾಗುವುದಿಲ್ಲ ಎಂದು ತಂದೆಯನ್ನೇ ಕೇಳಿ ಪಕ್ಕದಲ್ಲಿ ಗುರುತು ಹಾಕಿ. ಇದಕ್ಕೆ ಫೀ ಇಲ್ಲ, ಪ್ರಮಾಣಪತ್ರವೂ ಇಲ್ಲ. ಶಾಲೆ ಸುರುವಾದ ಮೇಲೆ ಆ ಹಾಳೆಯನ್ನು ನಿಮ್ಮ ವಿಜ್ಞಾನದ ಗುರುಗಳಿಗೆ ತೋರಿಸಿ.